ಕೋಳಿ ತನ್ನ ತತ್ತಿ ತಾನ ತಿನ್ನಾಕತ್ತಿದ್ರ ಏನ್ ಮಾಡಬೇಕು

ಹಿತ್ತಲದಾಗ ನಾಕೈದು ಕೋಳಿ ಸಾಕಿದವ್ರಿಗೆ ಒಂದಿಲ್ಲೊಂದು ದಿನ ಈ ತ್ರಾಸ ಬಂದ ಬರ್ತೈತಿ. ಮುಂಜಾನಿ ಕೋಳಿ ಓಣಿ ಮಂದಿಗೆಲ್ಲಾ ಕೇಳೂವಂಗ ಒದರಿರ್ತೈತಿ, ತತ್ತಿ ಇಟ್ಟೈತಿ ಬಿಡು ಅಂತ ಹೋಗಿ ಬುಟ್ಟ್ಯಾಗ ಕೈ ಹಾಕಿದ್ರ ತತ್ತಿ ಇಲ್ಲ, ಕೆಳಗಿನ ಕಣಕಿ ಹಸಿ ಹಸಿ ಆಗಿ ಬೆರಳಿಗೆ ಅಂಟತೈತಿ, ಒಂದೆರಡು ಸಿಪ್ಪಿ ಚೂರು ಸಿಕ್ರ ಸಿಕ್ತು, ಇಲ್ಲಂದ್ರ ಅದೂ ಇಲ್ಲ. ಆವಾಗ ಬಾಜೂ ಮನಿಯವ್ರು ಹೇಳೂದು ಒಂದ ಮಾತು, "ಅದಕ್ಕ ಚಟ ಹತ್ತೇತ್ರಿ, ಕೊಯ್ದ ಸಾರು ಮಾಡ್ರಿ". ಕೊಯ್ಯೂದೇನ್ ದೊಡ್ಡ ಮಾತಲ್ಲ, ಆದ್ರ ಸ್ವಲ್ಪ ದಿನ ಬಿಟ್ಟು ಇನ್ನೊಂದು ಕೋಳಿ ಅದನ್ನ ಶುರು ಮಾಡ್ತೈತಿ, ಆಮ್ಯಾಲ ಮತ್ತೊಂದು. ಯಾಕಂದ್ರ ಮೊದಲನೇ ತತ್ತಿ ಕೋಳಿ ಬೇಕಂತ ಒಡಿಯೂದು ಭಾಳ ಕಮ್ಮಿ. ಅದು ತಾನಾಗೇ ಒಡದಿರ್ತೈತಿ, ಒಡದಿದ್ದನ್ನ ಕೋಳಿ ಕುಕ್ಕಿ ನೋಡ್ತೈತಿ, ರುಚಿ ಹತ್ತತೈತಿ, ಅಲ್ಲಿಂದ ಮುಂದ ಗಟ್ಟಿ ತತ್ತಿನೂ ಕುಕ್ಕಿ ಒಡಿಯಾಕ ಕಲೀತೈತಿ. ಅದನ್ನ ನೋಡಿ ಉಳದವೂ ಕಲೀತಾವ. ಹಂಗಾಗಿ ಯಾವ ಕೋಳಿ ತಿಂತು ಅನ್ನೂದಕ್ಕಿಂತ ಮೊದಲನೇ ತತ್ತಿ ಯಾಕ ಒಡೀತು ಅಂತ ಹುಡುಕ್ರಿ.

ಅದಕ್ಕೂ ಮೊದಲ ಇದು ಕೋಳೀದ ಕೆಲಸ ಹೌದೋ ಅಲ್ಲೋ ಖಾತ್ರಿ ಮಾಡ್ಕೋರಿ. ಹೊಲದ ಮನಿ ಇದ್ದವ್ರಿಗೆ ಮುಂಗುಲಿ, ಹೆಗ್ಗಣ, ಹಾವು, ಕಾಗಿ, ಎಲ್ಲಾ ತತ್ತಿ ಗಿರಾಕಿಗಳ. ಹಾವು ಇಡೀ ತತ್ತಿ ನುಂಗತೈತಿ, ಹಸಿ ಇಲ್ಲ ಸಿಪ್ಪಿ ಇಲ್ಲ, ಬುಟ್ಟಿ ಸ್ವಚ್ಛ ಇರ್ತೈತಿ. ಮುಂಗುಲಿ ಆಗ್ಲಿ ಹೆಗ್ಗಣ ಆಗ್ಲಿ ತತ್ತಿ ಬ್ಯಾರೆ ಕಡೆ ಒಯ್ದು ತಿನ್ನೂದ ಹೆಚ್ಚು, ಸಿಪ್ಪಿ ಬೇಲಿ ಸಂದ್ಯಾಗೋ ಕಟ್ಟಿಗಿ ರಾಶಿ ಹಿಂದೋ ಬಿದ್ದಿರ್ತಾವ. ಕಾಗಿ ಬಂದ್ರ ಹಾಡಹಗಲ ಬರ್ತೈತಿ, ಮತ್ತ ಗದ್ದಲ ಮಾಡ್ದ ಹೋಗೂದಿಲ್ಲ. ಕೋಳಿ ತಿಂದಿದ್ರ ಮಾತ್ರ ಇಟ್ಟ ಜಾಗಾದಾಗ ಹಸಿ ಇರ್ತೈತಿ, ಬಾಜೂ ತತ್ತಿ ಉಳದಿದ್ರ ಅದರ ಮ್ಯಾಲೂ ಹಳದಿ ಬಳದಿರ್ತೈತಿ. ಸಿಪ್ಪಿನೂ ಬಿಡೂದಿಲ್ಲ ಅವು, ಅದನ್ನೂ ಮುಗಿಸ್ತಾವ, ಅದಕ್ಕ ಭಾಳ ಮಂದಿಗೆ ತತ್ತಿ ಇಟ್ಟಿದ್ದ ಗೊತ್ತಾಗೂದಿಲ್ಲ, ಕೋಳಿ ತತ್ತಿ ಇಡೂದು ಬಿಟ್ಟೈತಿ ಅಂತ ತಿಳಕೊಂಡು ಕುಂತಿರ್ತಾರ.

ಯಾವ ಕೋಳಿ ಅಂತ ಹಿಡಿಯೂದು ಸಲೀಸು. ಹನ್ನೊಂದು ಗಂಟೆ ಸುಮಾರಿಗೆ ಒಂದೊಂದ ಹಿಡದು ಚುಂಚು ನೋಡ್ರಿ, ಚುಂಚಿನ ಬುಡಕ್ಕ, ಗಲ್ಲದ ಕೆಳಗಿನ ಪುಕ್ಕಕ್ಕ ಒಣಗಿದ ಹಳದಿ ಗಟ್ಟಿಯಾಗಿ ಅಂಟಿರ್ತೈತಿ. ಕಾಣಲಿಲ್ಲಂದ್ರ ಒಂದು ತತ್ತಿಗೆ ಸಣ್ಣ ತೂತ ಮಾಡಿ, ಸಿರಿಂಜಿನಿಂದ ಅಡಿಗಿಗೆ ಹಾಕೂ ಹಸರ ಬಣ್ಣ ಒಳಗ ಬಿಟ್ಟು, ತೂತಕ್ಕ ಮೇಣ ಹಚ್ಚಿ ಬುಟ್ಟ್ಯಾಗ ಇಡ್ರಿ. ಜಿಲೇಬಿ ಬಣ್ಣ ಹಾಕಬ್ಯಾಡ್ರಿ, ಅದು ತತ್ತಿ ಹಳದಿ ಕೂಡ ಒಂದ ಆಗಿ ಗೊತ್ತಾಗೂದಿಲ್ಲ. ಸಿಕ್ಕ ಕೋಳೀನ ಬ್ಯಾರೆ ಕಡೆ ಇಡ್ರಿ, ದೊಡ್ಡ ಬುಟ್ಟಿ ಕವಚಿ ಹಾಕಿದ್ರೂ ನಡೀತೈತಿ, ನೀರು ಕಾಳು ನೆರಳು ಇದ್ರ ಸಾಕು. ಉಳದವು ನೋಡಿ ಕಲಿಯೂದು ಅಲ್ಲಿಗೆ ನಿಂದರ್ತೈತಿ.

ಈಗ ಮುಖ್ಯ ವಿಷಯಕ್ಕ ಬರೋಣು, ತತ್ತಿ ಸಿಪ್ಪಿ. ಒಂದು ತತ್ತಿ ಸಿಪ್ಪಿ 5-6 ಗ್ರಾಂ ತೂಗತೈತಿ, ಅದರಾಗ ಹೆಚ್ಚೂಕಮ್ಮಿ 95 ಪರ್ಸೆಂಟ್ ಕ್ಯಾಲ್ಸಿಯಂ ಕಾರ್ಬೋನೇಟ್, ಅಂದ್ರ ಸುಣ್ಣದ ಕಲ್ಲಿನಾಗ ಇರೂದ ಪದಾರ್ಥ. ಲೆಕ್ಕ ಹಾಕಿದ್ರ ಒಂದು ತತ್ತಿಗೆ 2 ಗ್ರಾಂ ಮ್ಯಾಲ ಕ್ಯಾಲ್ಸಿಯಂ ಬೇಕು. ಈಗ ನಾವು ಹಾಕೂದೇನು? ಜ್ವಾಳ, ಇಲ್ಲಾ ಗೊಂಜಾಳ ನುಚ್ಚು, ಉಳದ ರೊಟ್ಟಿ, ಅನ್ನ. 100 ಗ್ರಾಂ ಜ್ವಾಳದಾಗ ಕ್ಯಾಲ್ಸಿಯಂ ಇರೂದು 25 ಮಿಲಿಗ್ರಾಂ ಆಸುಪಾಸು, ಗೊಂಜಾಳದಾಗ ಅದಕ್ಕಿಂತನೂ ಕಮ್ಮಿ. ಕೋಳಿ ದಿನಕ್ಕ ತಿನ್ನೂದ 100 ಗ್ರಾಂ ಸುತ್ತ. ಅಂದ್ರ ಬೇಕಾಗಿದ್ದು ಎರಡು ಸಾವಿರ ಮಿಲಿಗ್ರಾಂ, ಕಾಳಿನಿಂದ ಸಿಗೂದು ಇಪ್ಪತ್ತೈದು. ಉಳದಿದ್ದನ್ನ ಅದು ತನ್ನ ಎಲುಬಿನಿಂದ ತಗೀತೈತಿ, ಅದೂ ಎಷ್ಟು ದಿನ ತಗಿಯೂದು? ಆಮ್ಯಾಲ ಸಿಪ್ಪಿ ತೆಳ್ಳಗಾಗಿ ಕೋಳಿ ಕಾಲು ಇಟ್ರ ಸಾಕು ಒಡೀತೈತಿ, ಕೆಲವೊಮ್ಮೆ ಸಿಪ್ಪಿನ ಇಲ್ದ ಬರೇ ಪರಿ ಇರೂ ಮೆತ್ತನ ತತ್ತಿ ಬೀಳ್ತೈತಿ. ಮೊದಲ ರುಚಿ ಹತ್ತೂದು ಇಂಥಾ ತತ್ತೀಗೆ ನೋಡ್ರಿ.

ಹಿಂದಿನವ್ರ ಜವಾರಿ ಕೋಳಿಗೆ ಯಾರೂ ಇದೆಲ್ಲಾ ಕೊಡ್ತಿರಲಿಲ್ಲ ಅಂತ ನೀವು ಅನ್ನಬಹುದು, ಖರೇನ. ಆದ್ರ ಅವು ವರ್ಷಕ್ಕ 60-70 ತತ್ತಿ ಇಡೂವು, ದಿನಾ ತಿಪ್ಪಿ ಕೆದರಿ, ಎರಿ ಹೊಲದಾಗಿನ ಸುಣ್ಣದ ಹರಳು, ಹುಳಾ ಹುಪ್ಪಡಿ ಆರಿಸಿ ತಿಂದು ಬರೂವು. ಈಗ ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರ ಸಾಕ್ತೀವಿ, ಕೆಲವ್ರು ಬಿವಿ-380 ತಂದು ಬಿಟ್ಟಾರ, ಅದು ವರ್ಷಕ್ಕ 300ರ ಸುತ್ತ ತತ್ತಿ ಇಡೂ ಜಾತಿ. ಅದನ್ನ ಬಾಗಲಕೋಟಿ ನವನಗರದ ಸೈಟಿನ ಹಿಂದ ಹತ್ತು ಫೂಟ ಜಾಗಾದಾಗ ಜಾಳಗಿ ಹೊಡದು ಸಾಕಿದ್ರ ಅದಕ್ಕ ಕೆದರಾಕ ತಿಪ್ಪಿ ಎಲ್ಲಿಂದ ಬರಬೇಕು.

ಕೊಡೂದು ಹೆಂಗ ಅಂದ್ರ, ಕೋಳಿ ಆಹಾರದ ಅಂಗಡ್ಯಾಗ ಶೆಲ್ ಗ್ರಿಟ್ ಅಂತ ಕೇಳ್ರಿ, ಚಿಪ್ಪಿನ ಚೂರು, ಇಲ್ಲಾ ಸುಣ್ಣದ ಕಲ್ಲಿನ ಗ್ರಿಟ್ ಕೊಡ್ತಾರ, ಎರಡೂ ನಡೀತಾವ. ಕಾಳಿನಾಗ ಕಲಸಬ್ಯಾಡ್ರಿ, ಬ್ಯಾರೆ ಒಂದು ಬಟ್ಟಲದಾಗ ಹಾಕಿ ಮಳಿ ಬೀಳದ ಕಡೆ ಇಡ್ರಿ, ತತ್ತಿ ಇಡೂ ಕೋಳಿ ತನಗ ಬೇಕಾದಷ್ಟ ತಿಂತೈತಿ, ಹುಂಜಕ್ಕ ಬ್ಯಾಡ, ಅದು ಮುಟ್ಟೂದಿಲ್ಲ. ಸಂಜಿ ಹೊತ್ತು ಬಟ್ಟಲ ತುಂಬಿ ಇರ್ಲಿ, ಯಾಕಂದ್ರ ಸಿಪ್ಪಿ ಕಟ್ಟಾಕ ಸುಮಾರು 20 ತಾಸು ಹಿಡೀತೈತಿ, ಅದರಾಗ ಹೆಚ್ಚಿನ ಕೆಲಸ ರಾತ್ರಿನ ನಡಿಯೂದು, ಸ್ವಲ್ಪ ದಪ್ಪ ಚೂರು ಇದ್ರ ರಾತ್ರಿ ತುಂಬ ಹೊಟ್ಟ್ಯಾಗ ಇದ್ದು ಸಾವಕಾಶ ಕರಗತೈತಿ. ಎಲಿ ಅಡಿಕಿಗೆ ಹಚ್ಚೂ ಸುಣ್ಣ ಕೆಲವ್ರು ಕಾಳಿಗೆ ಕಲಸಿ ಹಾಕ್ತಾರ, ಅದು ಬ್ಯಾಡ್ರಿ, ಅದು ಸುಟ್ಟ ಸುಣ್ಣ, ಬಾಯಿ ಗಂಟಲ ಸುಡ್ತೈತಿ, ಅದನ್ನ ಗೂಡಿನ ಗ್ವಾಡಿಗೆ ಬಳೀರಿ, ಉಣ್ಣಿ ಹೇನು ಕಮ್ಮಿ ಆಗ್ತಾವ. ಮನ್ಯಾಗಿನ ತತ್ತಿ ಸಿಪ್ಪಿನೂ ಹಾಕಬಹುದು ಆದ್ರ ಆಮ್ಲೆಟ್ ಮಾಡಿ ಅರ್ಧ ಸಿಪ್ಪಿ ಹಂಗ ಹಿತ್ತಲಕ್ಕ ಒಗದ್ರಿ ಅಂದ್ರ ಕೋಳಿಗೆ ನೀವ ಪಾಠ ಹೇಳಿದಂಗ. ತೊಳದು, ಹಂಚಿನ ಮ್ಯಾಲ ಬಿಸಿ ಮಾಡಿ, ಒರಳಾಗ ರವಾದಂಗ ಪುಡಿ ಮಾಡಿ ಹಾಕ್ರಿ, ಇದು ತತ್ತಿ ಅಂತ ಗುರುತ ಸಿಗಬಾರದು.

ಆಗೂದಿದ್ರ ತತ್ತಿ ಕೋಳಿಗೆ ಲೇಯರ್ ಮ್ಯಾಶ್ ತರ್ರಿ, ಅದರಾಗ ಕ್ಯಾಲ್ಸಿಯಂ ಮೂರೂವರಿಯಿಂದ 4 ಪರ್ಸೆಂಟ್, ಪ್ರೋಟೀನ್ 16-18 ಪರ್ಸೆಂಟ್ ಇರ್ತೈತಿ. ಪೂರ್ತಿ ಅದನ್ನ ಹಾಕೂದು ತುಟ್ಟಿ ಆಗ್ತೈತಿ ಅಂದ್ರ ಅರ್ಧ ಮ್ಯಾಶ್ ಅರ್ಧ ಕಾಳು ಮಾಡಿ, ಗ್ರಿಟ್ ಬಟ್ಟಲ ಮಾತ್ರ ಬಿಡಬ್ಯಾಡ್ರಿ. ಮರಿಗಳಿಗೆ ಈ ಮ್ಯಾಶ್ ಹಾಕಬ್ಯಾಡ್ರಿ ಮತ್ತ, ಅಷ್ಟು ಕ್ಯಾಲ್ಸಿಯಂ ಅವುಗಳ ಕಿಡ್ನಿ ಹಾಳ ಮಾಡ್ತೈತಿ. ಪ್ರೋಟೀನ್ ಕಮ್ಮಿ ಬಿದ್ರೂ ಕೋಳಿ ತತ್ತಿ ಕಡೆ ನೋಡ್ತೈತಿ, ಅದಕ್ಕ ಶೇಂಗಾ ಹಿಂಡಿ ಒಂದು ಮುಷ್ಟಿ ಚೊಲೊ, ಆದ್ರ ಬೂಸಲ ಹಿಡದ ಹಿಂಡಿ ದನಕ್ಕೂ ಬ್ಯಾಡ ಕೋಳಿಗೂ ಬ್ಯಾಡ, ಅದರಾಗ ವಿಷ ಇರ್ತೈತಿ. ಮತ್ತ ಬಿಸಲಿಗೆ ಬಿಡ್ರಿ, ಬಿಸಲು ಮೈಗೆ ಬೀಳಲಿಲ್ಲಂದ್ರ ವಿಟಮಿನ್ ಡಿ ಕಮ್ಮಿ ಆಗಿ ತಿಂದ ಕ್ಯಾಲ್ಸಿಯಂ ಮೈಗೆ ಹತ್ತೂದಿಲ್ಲ.

ಬ್ಯಾಸಗಿ ಬ್ಯಾರೆನ ಕಥಿ. ವಿಜಯಪುರ, ಬಾಗಲಕೋಟಿ ಕಡೆ ಏಪ್ರಿಲ್ ಮೇದಾಗ 40 ಡಿಗ್ರಿ ದಾಟೂದು ನಮಗ ರೂಢಿ ಆಗೇತಿ, ಕೋಳಿಗೆ ಆಗಿಲ್ಲ. ಅದಕ್ಕ ಬೆವರಿಲ್ಲ, ಬಾಯಿ ತಗದು ತೇಕೂದೊಂದ ದಾರಿ. ಹಂಗ ತೇಕೂ ಮುಂದ ಮೈಯಾಗಿನ ಕಾರ್ಬನ್ ಡೈಆಕ್ಸೈಡ್ ಹೊರಗ ಹೋಗಿ ಸಿಪ್ಪಿ ಕಟ್ಟಾಕ ಬೇಕಾದ ಕಾರ್ಬೋನೇಟ್ ಕಮ್ಮಿ ಬೀಳ್ತೈತಿ, ಮ್ಯಾಲ ಸೆಕಿಗೆ ಕಾಳು ತಿನ್ನೂದೂ ಕಮ್ಮಿ ಮಾಡ್ತೈತಿ. ಗ್ರಿಟ್ ಎಷ್ಟ ಇಟ್ರೂ ಆ ಎರಡು ತಿಂಗಳು ಸಿಪ್ಪಿ ತೆಳ್ಳಗ ಬರಾಕ ಇದ ಕಾರಣ. ತಗಡಿನ ಗೂಡು ಇದ್ರ ತಗಡಿನ ಮ್ಯಾಲ ಕಬ್ಬಿನ ರವದಿ ಹಾಕ್ರಿ ಇಲ್ಲಾ ಹಸಿ ಗೋಣಿ ಚೀಲ ಹಾಸ್ರಿ, ನೀರು ಮಣ್ಣಿನ ಪಾತ್ರಿದಾಗ ನೆರಳಾಗ ಇಟ್ಟು ಮಧ್ಯಾಹ್ನ ಒಮ್ಮೆ ಬದಲ ಮಾಡ್ರಿ. ಸಾದಾ ದಿನಕ್ಕ ಕಾಲು ಲೀಟರ್ ಕುಡಿಯೂ ಕೋಳಿ ಆವಾಗ ಎರಡು ಪಟ್ಟು ಕುಡೀತೈತಿ, ನೀರು ಖಾಲಿ ಇದ್ರ ಒಡದ ತತ್ತಿ ಅದಕ್ಕ ನೀರಿದ್ದಂಗ. ಕಾಳು ಹಾಕೂದು ಮುಂಜಾನಿ ಲಗೂ ಮತ್ತ ಸಂಜಿ ತಂಪಿಗೆ ಇಟ್ಕೋರಿ.

ಸಿಪ್ಪಿ ಗಟ್ಟಿ ಇದ್ರೂ ಒಡೀತಾವ ಅಂದ್ರ ತಪ್ಪು ಬುಟ್ಟೀದು. ಹತ್ತು ಕೋಳಿಗೆ ಒಂದ ಬುಟ್ಟಿ ಇದ್ರ ಮುಂಜಾನಿ ಎಂಟರಿಂದ ಹತ್ತರೊಳಗ ಎಲ್ಲಕ್ಕೂ ಅದ ಬೇಕು, ಒಂದರ ಮ್ಯಾಲ ಒಂದು ಹತ್ತಿ ಜಗಳ ಮಾಡಿ ತುಳೀತಾವ. ನಾಕು ಕೋಳಿಗೆ ಒಂದು ಗೂಡು ಅಂತ ಲೆಕ್ಕ ಹಿಡೀರಿ. ಭಾಳ ಖರ್ಚ ಬ್ಯಾಡ, ತಿಕೋಟಾ ಬಬಲೇಶ್ವರ ಕಡೆ ದ್ರಾಕ್ಷಿ ತುಂಬೂ ಪ್ಲಾಸ್ಟಿಕ್ ಕ್ರೇಟ್ ಹಳೇವು ಸಿಗ್ತಾವಲ್ಲ, ಅದರಂಥಾ ಒಂದು ಕ್ರೇಟ್ ಅಡ್ಡ ಮಲಗಿಸಿ, ಬಾಯಿಗೆ ಕೆಳಗಡೆ ನಾಕು ಬೆರಳ ಎತ್ತರದ ಹಲಗಿ ಕಟ್ರಿ, ಹಾಸಿದ್ದು ಹೊರಗ ಬರೂದಿಲ್ಲ. ಒಳಗ ಒಂದು ಫೂಟ ಉದ್ದ ಅಗಲ ಜಾಗ ಸಿಕ್ರ ಸಾಕು, ಇನ್ನೂ ದೊಡ್ಡದಾದ್ರ ಎರಡು ಕೋಳಿ ಒಮ್ಮೆಲೆ ಹೊಕ್ಕು ಕುಂಡ್ರತಾವ. ಕೆಳಗ ನಾಕು ಬೆರಳ ದಪ್ಪ ಹಾಸ್ರಿ, ಗೋಧಿ ಹೊಟ್ಟು, ಇಲ್ಲಾ ಖಾನಾಪುರ ಕಡೆಯವ್ರಿಗೆ ಭತ್ತದ ಹೊಟ್ಟು ಸಿಗ್ತೈತಿ, ಇಲ್ಲಾ ಸಣ್ಣಗ ಕತ್ತರಿಸಿದ ರವದಿ. ಬುಡಕ್ಕ ಒಂದು ಮಡಚಿದ ಗೋಣಿ ತಟ್ಟು ಹಾಕಿದ್ರ ಇನ್ನೂ ಚೊಲೊ, ಯಾಕಂದ್ರ ಕೋಳಿ ಕೂಡೂ ಮೊದಲ ಕಾಲಿಲೆ ಹೊಟ್ಟು ಕೆದರಿ ಬಾಜೂ ಸರಸ್ತೈತಿ, ನಡುವ ಬರೇ ಪ್ಲಾಸ್ಟಿಕ್ ಉಳೀತೈತಿ, ತತ್ತಿ ಇಡೂ ಮುಂದ ಅದು ಅರ್ಧ ಎದ್ದು ನಿಂತಿರ್ತೈತಿ, ಅಷ್ಟು ಎತ್ತರದಿಂದ ಗಟ್ಟಿ ಪ್ಲಾಸ್ಟಿಕ್ ಮ್ಯಾಲ ಬಿದ್ದ ತತ್ತಿಗೆ ಕೂದಲದಂಥ ಸಣ್ಣ ಬಿರುಕು ಬೀಳ್ತೈತಿ. ಕಣ್ಣಿಗೆ ಕಾಣೂದಿಲ್ಲ, ಚುಂಚಿಗೆ ಸಿಗ್ತೈತಿ.

ಕತ್ತಲ ಇರಬೇಕು, ಇದನ್ನ ಮರೀಬ್ಯಾಡ್ರಿ. ಬಾಯಿಗೆ ಗೋಣಿ ತಟ್ಟು ಎರಡು ಪಟ್ಟಿ ಸೀಳಿ ತೂಗಬಿಡ್ರಿ, ಕೋಳಿ ನಡುವ ತೂರಿ ಹೋಗ್ತೈತಿ. ಒಳಗ ಬೆಳಕ ಕಮ್ಮಿ ಇದ್ರ ತತ್ತಿ ಅದರ ಕಣ್ಣಿಗೆ ಬೀಳೂದಿಲ್ಲ, ಬಿದ್ದಿದ್ದನ್ನ ಕುಕ್ಕೂ ಸ್ವಭಾವ ಕೋಳೀದು, ಬಿಳಿ ದುಂಡಂದು ಕಂಡ್ರ ಸುಮ್ನ ಬಿಡೂದಿಲ್ಲ. ರಾತ್ರಿ ಅದರಾಗ ಮಲಗಾಕ ಬಿಡಬ್ಯಾಡ್ರಿ, ಹಿಕ್ಕಿ ಹಾಕಿ ಹೊಲಸ ಮಾಡ್ತಾವ, ಮಲಗೂ ಕೋಲು ಗೂಡಿಗಿಂತ ಎತ್ತರ ಇರ್ಲಿ, ಕೋಳಿ ಯಾವಾಗ್ಲೂ ಎತ್ತರದ ಜಾಗಾನ ಹುಡುಕತೈತಿ. ಕಾವಿಗೆ ಕುಂತ ಜವಾರಿ ಕೋಳಿ ಇದ್ರ ಅದಕ್ಕ ಬ್ಯಾರೆ ಮೂಲ್ಯಾಗ ಬುಟ್ಟಿ ಮಾಡಿ ಕೊಡ್ರಿ, ಇಲ್ಲಂದ್ರ ಉಳದವು ಅದರ ಮ್ಯಾಲ ಹತ್ತಿ ಇಟ್ಟು ಕಾವಿನ ತತ್ತಿ ಸುದ್ದಾ ಒಡೀತಾವ.

ಮತ್ತ ಲಗೂ ತಗೀರಿ. ಹೆಚ್ಚಿನ ಕೋಳಿ ಬೆಳಕ ಹರದ ಐದಾರು ತಾಸಿನೊಳಗ ಇಟ್ಟು ಮುಗಿಸ್ತಾವ, ಹಂಗಾಗಿ ಒಂಬತ್ತಕ್ಕ ಒಮ್ಮೆ, ಹನ್ನೊಂದಕ್ಕ ಒಮ್ಮೆ, ಮಧ್ಯಾಹ್ನ ಊಟ ಆದ ಮ್ಯಾಲ ಒಮ್ಮೆ ನೋಡಿದ್ರ ಸಾಕು. ನಮ್ಮ ಕಡೆ ಒಂದು ಮಜಾ ಏನಂದ್ರ ಈ ಕಂಪ್ಲೇಂಟ್ ಹೆಚ್ಚು ಕೇಳೂದು ಶ್ರಾವಣದಾಗ. ಶ್ರಾವಣ ಹಿಡದ ಮನ್ಯಾಗ ತತ್ತಿ ತಿನ್ನೂವ್ರಿಲ್ಲ, ತಗಿಯಾಕ ಯಾರಿಗೂ ಅವಸರ ಇಲ್ಲ, ನಾಳೆ ತಗದ್ರಾತು ಅಂತ ಬಿಟ್ಟು ಬುಟ್ಟ್ಯಾಗ ಎಂಟ್ಹತ್ತು ಕೂಡತಾವ, ಮ್ಯಾಲ ಇನ್ನೊಂದು ಬಿದ್ದು ಎರಡು ಒಡೀತಾವ, ಮನಿಯವ್ರ ಶ್ರಾವಣ ಮುಗಿಯೂದ್ರೊಳಗ ಕೋಳಿಗೆ ರುಚಿ ಹತ್ತಿರ್ತೈತಿ. ತಿನ್ನಲಿಲ್ಲಂದ್ರೂ ತಗದು ಬಾಜೂದವ್ರಿಗೆ ಕೊಡ್ರಿ. ಒಡದ ತತ್ತಿ ಕಂಡ್ರ ಅದರ ಕೂಡ ಹಸಿ ಆದ ಹೊಟ್ಟು ಎಲ್ಲಾ ತಗದು ದೂರ ಒಗೀರಿ, ಬರೇ ಸಿಪ್ಪಿ ಆರಿಸಿ ಬಿಟ್ರ ಅಂಟಿದ ಹಳದಿಗೆ ಇರುವಿ ಬರ್ತಾವ, ಕೋಳಿ ಮತ್ತ ಅಲ್ಲೇ ಕುಕ್ಕತೈತಿ.

ಇಷ್ಟೆಲ್ಲಾ ಮಾಡಿದ ಮ್ಯಾಲ ಚಟ ಬಿಡಸೂ ಉಪಾಯ. ಸುಳ್ಳ ತತ್ತಿ ಇಡೂದು ಎಲ್ಲಕ್ಕಿಂತ ಚೊಲೊ. ಕಟ್ಟಿಗೀದು ಆಗ್ಲಿ, ಪಿಂಗಾಣೀದು ಆಗ್ಲಿ, ಗಾಲ್ಫ್ ಚೆಂಡು ಸಿಕ್ರ ಅದಾಗ್ಲಿ, ಏನೂ ಸಿಗಲಿಲ್ಲಂದ್ರ ಹೊಳಿ ದಂಡ್ಯಾಗಿನ ದುಂಡನ ಬಿಳಿ ಕಲ್ಲು, ಗೂಡಿಗೆ ಎರಡೆರಡು ಇಟ್ಟ ಬಿಡ್ರಿ. ಕೋಳಿ ಬಂದು ಟಕ್ ಟಕ್ ಕುಕ್ಕತೈತಿ, ಒಡಿಯೂದಿಲ್ಲ, ಒಳಗಿಂದ ಏನೂ ಬರೂದಿಲ್ಲ, ಒಂದೆರಡು ವಾರದಾಗ ಬ್ಯಾಸರಾಗಿ ಬಿಡ್ತೈತಿ. ಈ ದಿನದಾಗ ಖರೇ ತತ್ತಿ ಮಾತ್ರ ಇಟ್ಟ ಕೂಡ್ಲೆ ತಗದಿರಬೇಕು, ದಿನಕ್ಕೊಂದ್ ಸಿಕ್ರೂ ಎಲ್ಲಾ ಮತ್ತ ಮೊದಲಿಂದ.

ಖಾರಪುಡಿ ತುಂಬಿದ ತತ್ತಿ ಇಡ್ರಿ ಅಂತ ಹೇಳೂವ್ರು ಭಾಳ ಮಂದಿ ಅದಾರ. ಬ್ಯಾಡಗಿ ಹಾಕ್ರಿ, ಗುಂಟೂರ ಹಾಕ್ರಿ, ಕೋಳಿಗೆ ಏನೂ ಆಗೂದಿಲ್ಲ. ಮೆಣಸಿನಕಾಯಿ ಉರಿ ಹಕ್ಕಿಗಳಿಗೆ ಹತ್ತೂದಿಲ್ಲ, ಆ ಉರಿ ಗೊತ್ತಾಗೂ ನರದ ವ್ಯವಸ್ಥಾ ಅವಕ್ಕ ನಮ್ಮಂಗಿಲ್ಲ, ಗಿಳಿ ಮೆಣಸಿನಕಾಯಿ ಕಡದು ತಿನ್ನೂದು ನೋಡೀರಿಲ್ಲ? ಅದ ಇದು. ಖಾರಪುಡಿ ಹಾಳ, ಕೋಳಿಗೆ ಮಸಾಲಿ ತತ್ತಿ. ಸಾಸಿವಿ ಮಾತ್ರ ಬ್ಯಾರೆ, ಅದರ ಘಾಟು ಅವಕ್ಕೂ ಹತ್ತತೈತಿ. ತತ್ತಿಗೆ ಎರಡೂ ಕಡೆ ತೂತ ಮಾಡಿ ಊದಿ ಖಾಲಿ ಮಾಡಿ, ಅರದ ಸಾಸಿವಿ ಗಟ್ಟಿ ಕಲಸಿ ತುಂಬಿ ಇಡ್ರಿ, ಕೆಲವು ಕೋಳಿ ಒಂದ ಸಲಕ್ಕ ಬಿಡ್ತಾವ, ಕೆಲವು ಅದನ್ನೂ ತಿಂದು ಮೀಸಿ ಒರಸ್ಕೊಂಡು ಹೋಗ್ತಾವ. ಹಂಗಾಗಿ ನಾ ಇದರ ಮ್ಯಾಲ ಭಾಳ ಭರೋಸಾ ಇಡೂದಿಲ್ಲ, ಸುಳ್ಳ ತತ್ತಿ ಕೂಡ ಮಾಡಿ ನೋಡ್ರಿ ಅಷ್ಟ.

ಹಟಮಾರಿ ಕೋಳಿಗೆ ಖರೇ ಔಷಧ ಅಂದ್ರ ಉರುಳೂ ಗೂಡು. ಗೂಡಿನ ತಳ ಇಳಿಜಾರ ಮಾಡ್ರಿ, ಒಂದೂವರಿ ಫೂಟ ಉದ್ದಕ್ಕ ಮುಂದಿನ ಬಾಜೂ ಎರಡು ಇಂಚು ಎತ್ತರ ಸಾಕು, ತಳಕ್ಕ ಸಣ್ಣ ಕಣ್ಣಿನ ಜಾಳಗಿ ಇಲ್ಲಾ ರಬ್ಬರ್ ಮ್ಯಾಟ್ ಹಾಕ್ರಿ, ಹೊಟ್ಟು ಹಾಕಬಾರದು, ಹಾಕಿದ್ರ ತತ್ತಿ ಉರುಳೂದಿಲ್ಲ. ಹಿಂದಿನ ಹಲಗಿ ಕೆಳಗ ಎರಡೂವರಿ ಇಂಚು ಸಂದಿ ಬಿಟ್ರ ತತ್ತಿ ಅಲ್ಲಿಂದ ಹಿಂದಿನ ಡಬ್ಬ್ಯಾಗ ಹೋಗಿ ನಿಲ್ತೈತಿ, ಡಬ್ಬಿಗೆ ಹಳೇ ಬಟ್ಟಿ ಹಾಸಿ ಮ್ಯಾಲ ಮುಚ್ಚಳ ಹಾಕ್ರಿ. ಕೋಳಿ ಎದ್ದು ತಿರುಗಿ ನೋಡೂದ್ರೊಳಗ ತತ್ತಿ ಇರೂದಿಲ್ಲ, ಹುಡುಕ್ಯಾಡಿ ಹೋಗ್ತೈತಿ. ಇಳಿಜಾರು ಜಾಸ್ತಿ ಮಾಡಿದ್ರಿ ಅಂದ್ರ ಅದು ಒಳಗ ಕೂಡಾಕ ಒಪ್ಪೂದಿಲ್ಲ, ಮೂಲ್ಯಾಗ ನೆಲದ ಮ್ಯಾಲ ಇಡ್ತೈತಿ, ತತ್ತಿನೂ ಜೋರಾಗಿ ಹೋಗಿ ಬಡದು ಬಿರುಕ ಬಿಡ್ತೈತಿ. ಊರಾಗಿನ ಬಡಿಗ್ಯಾರಿಗೆ ಅಳತಿ ಹೇಳಿದ್ರ ಅರ್ಧ ದಿನದ ಕೆಲಸ, ಹಳೇ ಪ್ಲೈವುಡ್ ಇದ್ರ ನೀವ ಮಾಡ್ಕೋಬಹುದು.

ಜಾಗ ಇಕ್ಕಟ್ಟ ಇದ್ರ ಕುಕ್ಕಾಟ ಹೆಚ್ಚು. ಒಂದು ಕೋಳಿಗೆ ಗೂಡಿನೊಳಗ ನಾಕು ಚದರ ಫೂಟ ಬೇಕು, ಹೊರಗ ಎಷ್ಟಿದ್ರೂ ಕಮ್ಮಿನ. ಬಿಡಾಕ ಆಗೂದಿಲ್ಲಂದ್ರ ರಾಜಗಿರಿ, ಮೆಂತೆ, ಕೋಬಿ ಎಲಿ, ಕುದುರಿ ಮೆಂತೆ, ಯಾವುದರ ಒಂದು ಸಿವುಡ ಕಟ್ಟಿ ಅದರ ತಲಿ ಮಟ್ಟಕ್ಕ ತೂಗಬಿಡ್ರಿ, ಜಿಗದು ಜಿಗದು ಕುಕ್ಕತಾವ, ಹೊತ್ತು ಹೋಗ್ತೈತಿ. ಒಂದು ಮೂಲ್ಯಾಗ ಒಣ ಮಣ್ಣು ಬೂದಿ ಕಲಸಿ ಹಾಕ್ರಿ, ಹೊರಳಾಡ್ತಾವ.

ಏಕದಂ ಎಲ್ಲಾ ಕೋಳಿ ಮೆತ್ತನ ತತ್ತಿ, ಸೊಟ್ಟ ತತ್ತಿ ಇಡಾಕ ಶುರು ಮಾಡಿದ್ವು, ಮ್ಯಾಲ ಉಸುರಾಡಾಕ ತ್ರಾಸ, ಹಸರ ಹಿಕ್ಕಿ, ಕುತ್ತಿಗಿ ತಿರುವೂದು ಕಂಡ್ರ ಅದು ಮೇವಿನ ಮಾತಲ್ಲ, ಕೊಕ್ಕರೆ ರೋಗ ಇರಬಹುದು, ರಾಣಿಖೇತ್ ಅಂತಾರಲ್ಲ ಅದು. ಕೂಡ್ಲೆ ಪಶು ಆಸ್ಪತ್ರಿಗೆ ಹೋಗಿ ಕೇಳ್ರಿ. ಬಂದ ಮ್ಯಾಲ ಔಷಧ ಇಲ್ಲ, ಮೊದಲ ಲಸಿಕಿ ಹಾಕಿಸಿದ್ರ ಅಷ್ಟ ಉಳೀತಾವ.

ಚುಂಚು ಕತ್ತರಿಸಿ ಬಿಡ್ರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಹಿತ್ತಲ ಕೋಳಿ ಚುಂಚಿಲೆ ಕೆದರಿ ಹುಳಾ ಹಿಡದು ತಿನಬೇಕು, ಅದರಾಗ ನರ ಇರ್ತಾವ, ನೋವಾಗಿ ಕಾಳು ತಿನ್ನೂದನ್ನೂ ಬಿಡ್ತೈತಿ. ಇಷ್ಟೆಲ್ಲಾ ಮಾಡಿ ತಿಂಗಳಾದ್ರೂ ಒಂದ ಕೋಳಿ ಗಟ್ಟಿ ತತ್ತಿನೂ ಬೆನ್ನ ಹತ್ತಿ ಒಡಿಯಾಕತ್ತಿದ್ರ ಆವಾಗ ಬಾಜೂದವ್ರ ಮಾತು ಕೇಳ್ರಿ, ಸಾರಿಗೆ ಹಾಕ್ರಿ, ಸಂತಿಗೆ ಒಯ್ದು ಇನ್ನೊಬ್ಬರ ಹಿತ್ತಲಕ್ಕ ಆ ತ್ರಾಸ ದಾಟಿಸೂದು ಮಾತ್ರ ಸರಿ ಅಲ್ಲ. ಉಳದ ಕೋಳಿಗಳ ಗೂಡಿನಾಗ ಸುಳ್ಳ ತತ್ತಿ ಇನ್ನೂ ಸ್ವಲ್ಪ ದಿನ ಹಂಗ ಇರ್ಲಿ, ಮತ್ತ ಹೊಸಾ ಹ್ಯಾಟಿ ತಂದಿದ್ರ ಅದಕ್ಕ ಐದು ತಿಂಗಳು ತುಂಬೂ ಮೊದಲ ಇಡ್ರಿ, ಎಲ್ಲಿ ಇಡಬೇಕು ಅನ್ನೂದೂ ಅದಕ್ಕ ಅಲ್ಲೇ ಗೊತ್ತಾಗ್ತೈತಿ.